ಡ್ಯಾಶ್‌ಬೋರ್ಡ್ ಗಡಿಯಾರಕ್ಕೆ ಎಲ್‌ಇಡಿ: ಒಂದು ಸ್ಪಷ್ಟನೆ

‘ಕಾರಿನ ಗಡಿಯಾರದ ಬಲ್ಬ್ ಕಿತ್ತು ಯಾವ ಎಲ್‌ಇಡಿ ಸಿಕ್ಕಿಸಿದರೂ ನಡೆಯುತ್ತದೆ, ಉರಿಯದಿದ್ದರೆ ಅದು ಕೆಟ್ಟಿದೆ ಎಂದರ್ಥ’ ಎಂಬ ಸಲಹೆ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಬಿಡಿ ಎಲ್‌ಇಡಿಯನ್ನು 12 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಕ್ಷಣದಲ್ಲೇ ಸುಡುತ್ತದೆ. ಎಂಜಿನ್ ಓಡುವಾಗ ವೋಲ್ಟೇಜ್ 14.4ರವರೆಗೂ ಏರುವುದರಿಂದ ಲೆಕ್ಕವನ್ನು ಅದಕ್ಕೇ ಹಾಕಬೇಕು. ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಹೋದರೆ ಉಳಿಯುವುದು 11.2; ಸರಣಿಯಲ್ಲಿ 820 ಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ಮಿತಗೊಳಿಸುವ ಬಿಡಿಭಾಗ) ಇದ್ದರೆ ಹರಿಯುವುದು ಸುಮಾರು 14 ಮಿಲಿಆಂಪಿಯರ್. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. 12 ವೋಲ್ಟ್ ಎಂದೇ ಮಾರುವ ಎಲ್‌ಇಡಿ ಬಲ್ಬಿನಲ್ಲಿ ಇದು ಒಳಗೇ ಇರುತ್ತದೆ, ಇನ್ನೊಂದು ಬೇಡ.

ಉರಿಯದಿದ್ದರೆ ಎಸೆಯಬೇಡಿ. ಹಳೆಯ ತಂತಿ ಬಲ್ಬಿಗೆ ಪ್ಲಸ್-ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಇದೆ. ಹೋಲ್ಡರಿನಲ್ಲಿ ತಿರುಗಿಸಿ ಹಾಕಿ, ಗಡಿಯಾರದ ದೀಪವೂ ಜೊತೆಗೆ ಹೊತ್ತುವಂತೆ ಪಾರ್ಕಿಂಗ್ ಲೈಟ್ ಹಚ್ಚಿ ನೋಡಿ. ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲೇ.

ಬೆಳಕು ನಡುವೆ ಮಾತ್ರ ಬಿದ್ದು ಅಂಚಿನ ಅಂಕಿಗಳು ಮಂಕಾದರೆ ಎಲ್‌ಇಡಿಯ ಕಿರಿದಾದ ಕೋನ ಕಾರಣ. ತುದಿಯನ್ನು ಮರಳು ಕಾಗದದಿಂದ ಉಜ್ಜಿ ಮಬ್ಬಾಗಿಸಿ. ಹಳೆಯ ಬಲ್ಬಿಗೆ ಹಸಿರು ರಬ್ಬರ್ ಟೋಪಿ ಇದ್ದರೆ, ಹಸಿರು ಎಲ್‌ಇಡಿಯನ್ನೇ ಕೊಳ್ಳುವುದು ಲೇಸು. ಹಳೇ ಮಾದರಿಯ ಡಿಮ್ಮರ್‌ಗೆ (ಬೆಳಕು ಹೆಚ್ಚು-ಕಡಿಮೆ ಮಾಡುವ ಗುಂಡಿ) ಎಲ್‌ಇಡಿ ಅಷ್ಟಾಗಿ ಬಗ್ಗುವುದಿಲ್ಲ.