ಹುಟ್ಟಿದ್ದು ಕಡಿಮೆಯಷ್ಟೇ ಅಲ್ಲ, ಕೈಜಾರಿದ್ದೂ ಜಾಸ್ತಿ

ಕುಬ್ಜ ಗ್ಯಾಲಕ್ಸಿಗಳ, ಅಂದರೆ ತೀರಾ ಸಣ್ಣ ಗ್ಯಾಲಕ್ಸಿಗಳ, ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ‘ಕುಬ್ಜ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಕಡಿಮೆ ಹುಟ್ಟಿವೆ, ಅದಕ್ಕೇ ಭಾರದ ಧಾತುಗಳೂ ಕಡಿಮೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸಾಲದು ಅನ್ನಿಸಿತು. ಭಾರದ ಧಾತುಗಳು (ಹೀಲಿಯಂಗಿಂತ ಭಾರವಾದವು) ಕಡಿಮೆ ಇರುವುದಕ್ಕೆ ಅದು ಅರ್ಧ ಕಾರಣ ಮಾತ್ರ. ಇನ್ನರ್ಧ ಗುರುತ್ವದ ಕಥೆ. ದೊಡ್ಡ ನಕ್ಷತ್ರವೊಂದು ಸೂಪರ್‌ನೋವಾ ಆಗಿ ಸಿಡಿದಾಗ ಆಮ್ಲಜನಕ, ಮೆಗ್ನೀಸಿಯಂ ಹೊರಗೆ ಚೆಲ್ಲುತ್ತವೆ. ಸಣ್ಣ ಗ್ಯಾಲಕ್ಸಿಗೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ. ಲಿಯೋ ಪಿ ಎಂಬ ಪುಟ್ಟ ಗ್ಯಾಲಕ್ಸಿಯನ್ನೇ ನೋಡಿ. ತಾನು ತಯಾರಿಸಿದ ಆಮ್ಲಜನಕದಲ್ಲಿ ಅದು ಉಳಿಸಿಕೊಂಡಿರುವುದು ಸುಮಾರು 5% ಅಷ್ಟೇ! ಸುತ್ತಮುತ್ತ ಕಿತ್ತುಕೊಳ್ಳುವ ದೊಡ್ಡ ಗ್ಯಾಲಕ್ಸಿಯೂ ಇಲ್ಲ. ತಾನಾಗಿಯೇ ಕಳೆದುಕೊಂಡಿದೆ.

ಕಬ್ಬಿಣದ ಲೆಕ್ಕ ಬೇರೆ. ಅದರ ಹೆಚ್ಚಿನ ಪಾಲು ಬರುವುದು ಶ್ವೇತಕುಬ್ಜಗಳ (ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ದಟ್ಟ ತಿರುಳು) ಸ್ಫೋಟದಿಂದ, ಅದೂ ತಡವಾಗಿ.

ನನ್ನನ್ನು ತುಂಬಾ ಕಾಡಿದ್ದು ರೆಟಿಕ್ಯುಲಮ್ 2 ಎಂಬ ಇನ್ನೊಂದು ಪುಟಾಣಿ ಗ್ಯಾಲಕ್ಸಿ. ಸುಮಾರು 1 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವ ಇದು 2015ರಲ್ಲಿ ಪತ್ತೆಯಾಯಿತು. ಅದರ 9 ಪ್ರಕಾಶಮಾನ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿದರೆ, 7ರಲ್ಲಿ ಯುರೋಪಿಯಂ, ಬೇರಿಯಂ ಎಂಬ ಕಬ್ಬಿಣಕ್ಕಿಂತಲೂ ಭಾರದ ಧಾತುಗಳ ಗೆರೆಗಳು ಎದ್ದು ಕಾಣುತ್ತವೆ. ಇಂಥ ಬೇರೆ ಪುಟಾಣಿ ಗ್ಯಾಲಕ್ಸಿಗಳಲ್ಲಿ ಇವು ಹುಡುಕಿದರೂ ಸಿಗುವುದು ಕಷ್ಟ. ಅಂದರೆ ಅಲ್ಲಿ ಒಂದೇ ಒಂದು ಅಪರೂಪದ ಘಟನೆ, ಬಹುಶಃ ಎರಡು ನ್ಯೂಟ್ರಾನ್ ನಕ್ಷತ್ರಗಳ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿ ದಟ್ಟ ಗೋಳ) ಡಿಕ್ಕಿ, ನಕ್ಷತ್ರಗಳು ಹುಟ್ಟುವ ಇಡೀ ಗ್ಯಾಲಕ್ಸಿಯ ಅನಿಲವನ್ನೇ ಬದಲಿಸಿಬಿಟ್ಟಿದೆ. ನಮ್ಮ ಕ್ಷೀರಪಥದಲ್ಲಾಗಿದ್ದರೆ ಅಂಥ ಡಿಕ್ಕಿಯ ಗುರುತು ಕೋಟ್ಯಂತರ ನಕ್ಷತ್ರಗಳ ನಡುವೆ ಕರಗಿಹೋಗುತ್ತಿತ್ತು, ಅಲ್ವಾ? ದಯವಿಟ್ಟು ಮುಂದಿನ ಭಾಗದಲ್ಲಿ ಇದನ್ನೂ ವಿವರವಾಗಿ ಬರೆಯಿರಿ.