ಫಾರ್ಮ್ಯಾಟ್ ಹೊಡೆದ್ರೆ ಸರಿ ಆಗ್ತದೆ ಸರ್

ನಿನ್ನೆ ಶಿರಸಿಲಿ ಒಂದು ಕಂಪ್ಯೂಟರ್ ಅಂಗಡಿಲಿ ಅರ್ಧ ಗಂಟೆ ನಿಂತಿದ್ದೆ. ಒಬ್ಬರಿಗೆ ಪ್ರಿಂಟ್ ಬರ್ತಿಲ್ಲ, ಇನ್ನೊಬ್ಬರಿಗೆ ಸೌಂಡ್ ಇಲ್ಲ, ಮೂರನೆಯವರು ನಾನು ಮತ್ತು ಭಾವ. ಮೂರೂ ರೋಗಕ್ಕೆ ಒಂದೇ ಕಷಾಯ: "ಫಾರ್ಮ್ಯಾಟ್ ಹೊಡೀಬೇಕು ಸರ್." ಅಂದ್ರೆ ಸಿ ಡ್ರೈವಲ್ಲಿ ಇದ್ದದ್ದೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು. ಪರದೆ ಮೇಲೆ ಎಂತ ಬರೆದಿದೆ ಅಂತ ಆ ಹುಡುಗ ಒಂದ್ಸಲನಾದ್ರೂ ಓದಿದ್ನಾ? ಇಲ್ಲ. ಬಾಕ್ಸ್ ಬರೋದೇ ತಡ, ಓಕೆ ಓಕೆ ಓಕೆ, ಸೊಳ್ಳೆ ಹೊಡೆದ ಹಾಗೆ.

ನಾನು ಇಂಜಿನಿಯರ್ ಏನಲ್ಲ, ಕುಮಟಾದಲ್ಲಿ ಟೈಪಿಂಗ್, ಪುಟ ಜೋಡಿಸೋ ಡಿಟಿಪಿ ಅಂಗಡಿ ನನ್ನದು, ಅಷ್ಟೇ. ಭಾವನ ಮನೆದು ವಿಂಡೋಸ್ 7, ಎರಡು ಜಿಬಿ ರ್‍ಯಾಮ್. ಅದಕ್ಕಿರೋದು ಒಂದೇ ಕೆಲಸ, ಅಡಿಕೆ ಒಣಗಿಸೋ ಅಂಗಳದ ಕ್ಯಾಮೆರಾ ನೋಡೋದು. ಚಾಲಿ, ಅಂದ್ರೆ ಹಾಗೇ ಒಣಗಿಸೋ ಅಡಿಕೆ, ಒಂದೂವರೆ ತಿಂಗಳು ಬಿಸಿಲಲ್ಲಿ ಬಿದ್ದಿರ್ತದೆ, ಕಳ್ಳರ ಸುದ್ದಿ ಕೇಳಿ ಕೇಳಿ ಭಾವ ಕ್ಯಾಮೆರಾ ಹಾಕಿಸಿದ್ದು. (ಇಲ್ಲಿವರೆಗೆ ಸಿಕ್ಕಿಬಿದ್ದ ಕಳ್ಳರೆಲ್ಲ ಮಂಗಗಳೇ, ಅದು ಬೇರೆ ಮಾತು.) ಕ್ಯಾಮೆರಾ ಚಿತ್ರ ಕೂಡಿಡೋ ಡಬ್ಬಿ, ಡಿವಿಆರ್, ಹಳೇದು. ಬ್ರೌಸರಲ್ಲಿ ಅದರ ಪುಟ ತೆರೆದ್ರೆ "ಪ್ಲಗಿನ್ ಹಾಕಿ" ಅಂತದೆ (ಪ್ಲಗಿನ್ ಅಂದ್ರೆ ಬ್ರೌಸರಿಗೆ ಅಂಟಿಸೋ ಚಿಕ್ಕ ಸಾಫ್ಟ್‌ವೇರ್), ಹಾಕಿದ್ರೆ ಮತ್ತೆ "ಪ್ಲಗಿನ್ ಹಾಕಿ". ಭಾವ ಹದಿನಾಲ್ಕು ಸಲ ಹಾಕಿದ್ದಾನೆ, ಡೌನ್‌ಲೋಡ್ ಫೋಲ್ಡರಲ್ಲಿ ಬ್ರಾಕೆಟ್ ಒಳಗೆ ಒಂದರಿಂದ ಹದಿಮೂರರವರೆಗೆ ನಂಬರ್ ಬಿದ್ದು ಸಾಲಾಗಿ ಕೂತಿವೆ.

ಕಾರಣ ಸರಳ ಮಾರಾಯ್ರೆ. ಅವ ತೆರೀತಿದ್ದದ್ದು ಕ್ರೋಮ್‌ಲಿ. ಕ್ರೋಮ್ ಇಂಥ ಪ್ಲಗಿನ್‌ಗಳಿಗೆ 2015ರಲ್ಲೇ ಬಾಗಿಲು ಹಾಕಿದೆ, ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಒಂದು ಬಿಟ್ಟು ಉಳಿದದ್ದಕ್ಕೆಲ್ಲ ಹಾಕ್ತು, ಆ ಫ್ಲ್ಯಾಶ್ ಕೂಡ 2020ರ ಕೊನೆಗೆ ಹೋಯ್ತು. ಈ ಡಿವಿಆರ್ ಕೇಳೋದು ಆಕ್ಟಿವ್‌ಎಕ್ಸ್ ಅನ್ನೋ ಮೈಕ್ರೋಸಾಫ್ಟಿನ ಹಳೇ ಪ್ಲಗಿನ್ ಜಾತಿ, ಅದಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ರೇ ಆಗ್ಬೇಕು. ಅಂದ್ರೆ ಹುಡುಗ ಹೇಳಿದ ಹಾಗೆ ಫಾರ್ಮ್ಯಾಟ್ ಹೊಡೆದು ವಿಂಡೋಸ್ 10 ಹಾಕಿದ್ರೆ ಎಂತ ಆಗ್ತಿತ್ತು? ಅದರಲ್ಲಿ ಎಕ್ಸ್‌ಪ್ಲೋರರ್‌ನ 2023ರಲ್ಲಿ ಮೈಕ್ರೋಸಾಫ್ಟೇ ಬಂದ್ ಮಾಡಿದೆ, ಎಡ್ಜ್ ಬ್ರೌಸರ್ ಒಳಗೆ ಹಳೇ ಎಕ್ಸ್‌ಪ್ಲೋರರ್ ಹಾಗೆ ನಡೆಯೋ ಐಇ ಮೋಡ್ ಅಂತ ಹುಡುಕ್ತಾ ಕೂರ್ಬೇಕು, ಅದೂ ಎರಡು ಜಿಬಿ ರ್‍ಯಾಮಲ್ಲಿ. ಕಾಸು ಕೊಟ್ಟು ಇದ್ದ ಒಂದು ದಾರಿನೂ ಮುಚ್ಚಿಸ್ಕೊಳ್ಳೋದು ಅಂದ್ರೆ ಇದೇ.

ಸಿಟ್ಟು ಬಂದಿದ್ದು ಅದಕ್ಕೂ ಅಲ್ಲ. ಹಿಂದಿನ ವಾರ ಇದೇ ಅಂಗಡಿಯವರು "ರಿಪೇರಿ" ಮಾಡಿ ಕಳ್ಸಿದ್ರು. ಕ್ಯಾಮೆರಾ ನೋಡ್ಲಿಕ್ಕೆ ಡಿವಿಆರ್ ಜೊತೆ ಬಂದ ಸಾಫ್ಟ್‌ವೇರ್ ತೆರೆದ್ರೆ ಎಂಎಸ್‌ವಿಸಿಆರ್100 ಡಿಎಲ್‌ಎಲ್ ಅನ್ನೋ ಫೈಲ್ ಇಲ್ಲ ಅಂತ ಮೆಸೇಜ್. ಪಾಪ ಕಂಪ್ಯೂಟರ್ ಎಂತ ಬೇಕು ಅಂತ ಹೆಸರು ಹಿಡಿದು ಹೇಳ್ತಾ ಇದೆ! ಬೇಕಾದ್ದು ವಿಷುಯಲ್ ಸಿ++ 2010ರ ರನ್‌ಟೈಮ್, ಅಂದ್ರೆ ಇಂಥ ಸಾಫ್ಟ್‌ವೇರ್ ಓಡ್ಲಿಕ್ಕೆ ಬೇಕಾದ ಫೈಲುಗಳ ಕಟ್ಟು, ಮೈಕ್ರೋಸಾಫ್ಟ್ ಪುಕ್ಕಟೆ ಕೊಡ್ತದೆ, ಹತ್ತು ಎಂಬಿ ಇಲ್ಲ. ಇವರು ಮಾಡಿದ್ದು? ಯಾವುದೋ ಸೈಟಿಂದ ಆ ಒಂದು ಫೈಲ್ ತಂದು ಸಿಸ್ಟಮ್32 ಒಳಗೆ ಪೇಸ್ಟ್. 64 ಬಿಟ್ ವಿಂಡೋಸಲ್ಲಿ ಸಿಸ್ಟಮ್32 ಇರೋದು 64 ಬಿಟ್ ಫೈಲಿಗೆ, 32 ಬಿಟ್ಟಿನವು ಸಿಸ್‌ವಾವ್64 ಅನ್ನೋ ಫೋಲ್ಡರಲ್ಲಿ, ಹೆಸರು ಉಲ್ಟಾ, ಒಪ್ತೇನೆ. ಆದ್ರೆ ದುಡ್ಡು ತಗೊಳ್ಳೋರಿಗೆ ಇದು ಗೊತ್ತಿರ್ಬೇಡ್ವಾ? ಆ ಸಾಫ್ಟ್‌ವೇರ್ 32 ಬಿಟ್ಟಿಂದು, ಪೇಸ್ಟ್ ಮಾಡಿದ್ದು ಅದರ ಕಣ್ಣಿಗೇ ಬೀಳೋದಿಲ್ಲ, ಮತ್ತೆ ಅದೇ ಮೆಸೇಜ್. "ನೋಡಿ ಸರ್, ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್."

ಈಗ ಯಾರಾದ್ರೂ ಕಮೆಂಟಲ್ಲಿ ಬರ್ತೀರಿ, ವಿಂಡೋಸ್ 7ಕ್ಕೆ 2020ರ ಜನವರಿಗೇ ಸಪೋರ್ಟ್ ಮುಗಿದಿದೆ, ಆಕ್ಟಿವ್‌ಎಕ್ಸ್ ಅಂದ್ರೆ ವೈರಸ್ಸಿಗೆ ಹೆಬ್ಬಾಗಿಲು ಅಂತ. ಹೌದು, ಸರಿ. ಅದರಲ್ಲಿ ಬ್ಯಾಂಕ್ ಕೆಲಸ ಮಾಡಿ ಅಂತ ನಾನೆಲ್ಲಿ ಹೇಳ್ದೆ? ಮನೆಯೊಳಗಿನ ಡಿವಿಆರ್ ನೋಡ್ಲಿಕ್ಕೆ ಇಂಟರ್ನೆಟ್ಟೇ ಬೇಡ. ಮತ್ತೆ ನೀವು ಹಾಕಿ ಅನ್ನೋ ವಿಂಡೋಸ್ 10ಕ್ಕೂ 2025ರ ಅಕ್ಟೋಬರಲ್ಲಿ ಸಪೋರ್ಟ್ ನಿಂತಿದೆ. ಟಿವಿಗೆ ಜೋಡ್ಸಿ ಅನ್ನೋರಿಗೆ: ಜೋಡ್ಸಿದ್ವಿ. ಅಕ್ಕನ ಧಾರಾವಾಹಿ ಹೊತ್ತಿಗೆ ಸರಿಯಾಗಿ ಅಂಗಳ ಕಾಣ್ತಿತ್ತು, ಮೂರನೇ ದಿನ ಕೇಬಲ್ ಮಾಯ.

ಒಂದು ನಿಜ ಹೇಳ್ತೆ, ನಾನೂ ಒಂದ್ಕಾಲಕ್ಕೆ ಫಾರ್ಮ್ಯಾಟ್ ಶೂರನೇ. ಅಪ್ಪಯ್ಯನ ಕಂಪ್ಯೂಟರ್ ಸ್ಲೋ ಅಂತ ಒಂದು ಭಾನುವಾರ ಕೇಳ್ದೇ ಹೊಡೆದೆ. ಅಪ್ಪಯ್ಯ ಎರಡು ಮಳೆಗಾಲ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಮನೆತನದ ವಂಶಾವಳಿ ಡೆಸ್ಕ್‌ಟಾಪ್ ಮೇಲಿತ್ತು. ಡೆಸ್ಕ್‌ಟಾಪ್ ಅಂದ್ರೆ ಸಿ ಡ್ರೈವೇ, ಎಲ್ಲ ಅಳಿಸಿ ಹೋಯ್ತು. ಬೈಯ್ಲಿಲ್ಲ, "ಹೋದ್ರೆ ಹೋತು" ಅಂದ, ಆಮೇಲೆ ಆ ಕೀಬೋರ್ಡ್ ಮುಟ್ಲಿಲ್ಲ. ಅಂಗಡಿ ಹುಡುಗನ ಮೇಲೆ ಇಷ್ಟು ಉರ್ಕೊಳ್ಳೋದು ಅದಕ್ಕೂ ಇರ್ಬಹುದು.

ಇರ್ಲಿ. ಸಿಪಿಯು ಎತ್ಕೊಂಡು ಮನೆಗೆ ಬಂದ್ವಿ. ಆನ್ ಮಾಡಿದ್ರೆ ತಾರೀಕು 2010, ಜನವರಿ 1. ತಾರೀಕು ನೆನಪಿಟ್ಕೊಳ್ಳೋ ಒಳಗಿನ 2032 ಸೆಲ್ ಸತ್ತಿದೆ, ತಾರೀಕು ತಪ್ಪಿದ್ದಕ್ಕೇ ಒಂದು ಸೈಟೂ ತೆರೀತಿರ್ಲಿಲ್ಲ, ಸರ್ಟಿಫಿಕೇಟ್ ಸರಿ ಇಲ್ಲ ಅಂತ ಕೆಂಪು ಪುಟ. ಇದನ್ನೂ "ವೈರಸ್" ಅಂದಿದ್ರಂತೆ, ನಮಸ್ಕಾರ. ಪೇಟೆ ಗಡಿಯಾರದ ಅಂಗಡಿಯಿಂದ ಸೆಲ್ ತರಿಸಿ ಹಾಕಿ ತಾರೀಕು ತಿದ್ದಿ, ಆ 32 ಬಿಟ್ ರನ್‌ಟೈಮ್ ಹಾಕಿದ್ದೇ ಸಾಫ್ಟ್‌ವೇರ್ ತೆರೀತು. ಆಮೇಲೆ ಎಕ್ಸ್‌ಪ್ಲೋರರಲ್ಲಿ ಡಿವಿಆರ್ ವಿಳಾಸನ ಟ್ರಸ್ಟೆಡ್ ಸೈಟ್ಸ್ ಅನ್ನೋ ನಂಬಿಕೆಯ ಪಟ್ಟಿಗೆ ಸೇರಿಸ್ಬೇಕು, ಅಲ್ಲಿ ವಿಳಾಸದ ಶುರುವಿಗೆ ಎಚ್‌ಟಿಟಿಪಿಎಸ್ ಬೇಕೇ ಬೇಕು ಅನ್ನೋ ಒಂದು ಟಿಕ್ ಇರ್ತದೆ, ಅದನ್ನ ತೆಗೀದಿದ್ರೆ ಅದು ಸೇರಿಸ್ಕೊಳ್ಳೋದಿಲ್ಲ, ನಾನೇ ಹತ್ತು ನಿಮಿಷ ಅಲ್ಲಿ ಸಿಕ್ಕಿಬಿದ್ದೆ. ಪ್ಲಗಿನ್ ಒಂದೇ ಸಲಕ್ಕೆ ಕೂತ್ತು, ಹದಿನೈದನೇದು.

ನಾಲ್ಕು ಚೌಕ ಬಂತು. ಅಂಗಳ, ಚಾಲಿ, ಚಾಲಿ ಮೇಲೆ ಮಲಗಿದ ನಾಯಿ. ಭಾವ ಖುರ್ಚಿ ಎಳ್ಕೊಂಡು ಮುಕ್ಕಾಲು ಗಂಟೆ ಕಣ್ಣು ಮಿಟುಕಿಸ್ದೆ ನೋಡ್ತಾ ಕೂತ. ಅಕ್ಕ ಚಾ ತಂದಿಟ್ಟು ಪರದೆ ನೋಡಿ ಅಂದ್ಲು, "ಬಾಗ್ಲು ತೆಗೆದ್ರೂ ಅದೇ ಅಂಗಳ ಕಾಣ್ತು. ಮೊದ್ಲು ಆ ನಾಯಿ ಎಬ್ಸಿ."