ಮೋಟಾರ್ ಸರಿಯಾಗೇ ಇತ್ತು

ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ತೆಗೆದರೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಸೆಕ್ರೆಟರಿಯವರ ಮೆಸೇಜು. 'ಸಂಪ್ ಮೋಟಾರ್ ಬೇರಿಂಗ್ ಬದಲಾವಣೆ, ಲೇಬರ್ ಸೇರಿ 7,200. ಮನೆಗೆ 450ರಂತೆ ಇಂದೇ ಕಳಿಸಿ.' ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನೂ ತೆಪ್ಪಗೆ ಕಳಿಸಿದೆ. ಮೋಟಾರಿಗೆ ಏನೂ ಆಗಿರಲಿಲ್ಲ ಅನ್ನುವುದು ಈ ಕಟ್ಟಡದಲ್ಲಿ ಮೂರೇ ಜನಕ್ಕೆ ಗೊತ್ತು, ಅದರಲ್ಲಿ ನಾನೊಬ್ಬಳು. ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಹೊಟ್ಟೆ ಉರಿಯುತ್ತಿರುವುದು ಅದಕ್ಕಲ್ಲ. ಎಂಟು ತಿಂಗಳಿಂದ ಬೆರಳು ಸವೆಸಿ ಕಲಿಯುತ್ತಿರುವ ಬೇಸ್ ಗಿಟಾರನ್ನು, ಅಂದರೆ ತಗ್ಗಿನ ಸ್ವರಗಳ ಗಿಟಾರನ್ನು, ಹದಿನಾರು ಮನೆಯವರು ಕೇಳಿಸಿಕೊಂಡಿದ್ದಾರೆ, ಒಬ್ಬರಿಗಾದರೂ ಅದು ಸಂಗೀತ ಅನ್ನಿಸಲಿಲ್ಲವಲ್ಲ! ಬೇರಿಂಗ್ ಅನ್ನಿಸಿತು.

ಅಸಲಿಗೆ ಈ ಬೇಸು ನನ್ನದಲ್ಲ, ಮಗನದು. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಗೆಳೆಯರೆಲ್ಲ ಸೇರಿ ಬ್ಯಾಂಡ್ ಕಟ್ಟಿದರು. ಐವರಲ್ಲಿ ಮೂವರು ಗಿಟಾರಿನವರೇ. ಚೀಟಿ ಎತ್ತಿದರು, ಇವನು ಸೋತ, ಸೋತವನಿಗೆ ಬೇಸು. ಹದಿನಾಲ್ಕು ಸಾವಿರ ಬಿಚ್ಚಿದ್ದು ನಾವು. ಆರು ತಿಂಗಳಿಗೆ ಬ್ಯಾಂಡ್ ಮುರಿಯಿತು, ಮಗ ಕೆಲಸ ಸಿಕ್ಕಿ ಪುಣೆಗೆ ಹೋದ, ಬೇಸು ಬೀರುವಿನ ಪಕ್ಕ ಒರಗಿ ನಿಂತಿತು. ನಮ್ಮ ಮನೆಯಲ್ಲಿ ಸುಮ್ಮನೆ ನಿಂತ ವಸ್ತುವಿಗೆಲ್ಲ ಒಂದೇ ಗತಿ. ಟ್ರೆಡ್‌ಮಿಲ್ ಮೇಲೆ ಆಗಲೇ ಪ್ಯಾಂಟುಗಳು ಒಣಗುತ್ತಿದ್ದವು. ಒಂದು ಮಳೆಗಾಲದ ಸಂಜೆ ಬೇಸಿನ ಕತ್ತಿಗೆ ನಮ್ಮೆಜಮಾನರ ಬನಿಯನ್ ನೇತಾಡುತ್ತಿದ್ದುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಚಿಕ್ಕವಳಿದ್ದಾಗ ಎರಡು ವರ್ಷ ಸರಳೆ, ಜಂಟಿ ಎಲ್ಲ ಹಾಡಿದವಳು ನಾನು. ಎಸ್ಸೆಸ್ಸೆಲ್ಸಿ ಬಂತು ಅಂತ ಬಿಡಿಸಿದರು. ಬನಿಯನ್ ತೆಗೆದು ಪಕ್ಕಕ್ಕಿಟ್ಟು, ನಾನೇ ಕಲಿಯುತ್ತೇನೆ ಅಂದೆ. ಇವರು ಪೇಪರಿನಿಂದ ತಲೆಯೆತ್ತದೆ, "ಬನಿಯನ್ ಎಲ್ಲಿ ಹಾಕಲಿ?" ಅಂದರು.

ಮೇಷ್ಟ್ರು ಇಪ್ಪತ್ತಮೂರರ ಹುಡುಗ. ನಾನು ಅವರಿಗೆ ಆಂಟಿ, ಅವರು ನನಗೆ ಸರ್. ಮೊದಲ ಕ್ಲಾಸಿನಲ್ಲಿ ನನ್ನ ಎಡಗೈ ತಿರುಗಿಸಿ ಮುರುಗಿಸಿ ನೋಡಿ, "ಪರವಾಗಿಲ್ಲ ಆಂಟಿ" ಅಂದರು. ಡಾಕ್ಟರು ಹಾಗೆ ಅಂದಾಗ ಎದೆ ಧಸಕ್ಕನ್ನುತ್ತದಲ್ಲ, ಹಾಗಾಯಿತು. ಬೇಸಿನ ತಂತಿ, ಕೆಳಗೆ ಅದನ್ನು ಹೊತ್ತ ಕುದುರೆಯಿಂದ ಕತ್ತಿನ ತುದಿಯವರೆಗೆ, ಸಾಮಾನ್ಯವಾಗಿ 34 ಇಂಚು. ತುದಿಯ ಕಡೆ ಒಂದು ಫ್ರೆಟ್ಟಿನಿಂದ, ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿಯಿಂದ, ಇನ್ನೊಂದಕ್ಕೆ ಬೆರಳು ಚಾಚುವುದೆಂದರೆ ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದ ಹಾಗೆ. ನಾಲ್ಕು ಫ್ರೆಟ್ಟಿಗೆ ನಾಲ್ಕು ಬೆರಳು ಅನ್ನುವ ನಿಯಮ ನನ್ನ ಕೈಗೆ ಒಗ್ಗಲಿಲ್ಲ. ಕೊನೆಗೆ ಸರ್, ನಿಲ್ಲಿಸಿ ನುಡಿಸುವ ದೊಡ್ಡ ಬೇಸಿನವರ ಪದ್ಧತಿ ಹೇಳಿಕೊಟ್ಟರು. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಜೋಡಿಸಿ ಒಂದೇ ಬೆರಳೆಂದು ಲೆಕ್ಕ ಹಾಕಿ, ಮೂರೇ ಫ್ರೆಟ್ಟು ಹಿಡಿಯುವುದು. ಬಲಗೈಯಲ್ಲಿ ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ನಡೆಯಬೇಕು. ನನ್ನ ತೋರುಬೆರಳು ಎಲ್ಲ ಕೆಲಸವನ್ನೂ ತಾನೇ ಮಾಡುತ್ತದೆ. ನಡುಬೆರಳು ನಮ್ಮೆಜಮಾನರ ಹಾಗೆ, ಮೂರು ಸಲ ಕರೆದರೆ ಒಂದು ಸಲ ಬರುತ್ತದೆ.

ಅಮೆರಿಕದ ಜೇಮ್ಸ್ ಜೇಮರ್ಸನ್ ಅನ್ನುವ ದೊಡ್ಡ ಬೇಸ್ ವಾದಕರು ಜೀವಮಾನವಿಡೀ ತೋರುಬೆರಳೊಂದರಲ್ಲೇ ನುಡಿಸಿದರಂತೆ, ಆ ಬೆರಳಿಗೆ 'ಕೊಕ್ಕೆ' ಅಂತಲೇ ಅಡ್ಡಹೆಸರಿತ್ತಂತೆ. ಇದನ್ನು ಓದಿದ ಮರುದಿನ ಕ್ಲಾಸಿನಲ್ಲಿ ವಾದಕ್ಕೆ ಕೂತೆ. ಸರ್ ತಾಳ್ಮೆಯಿಂದ ಪೂರ್ತಿ ಕೇಳಿ, "ಆಂಟಿ, ಅವರು ಜೇಮರ್ಸನ್" ಅಂದರು. ಅಲ್ಲಿಗೆ ವಾದ ಮುಗಿಯಿತು. ಆ ತೋರುಬೆರಳಿಗೆ ಬೊಬ್ಬೆ ಬಂದು, ಒಡೆದು, ಜಡ್ಡುಗಟ್ಟಿ, ಆಫೀಸಿನ ಹಾಜರಿ ಯಂತ್ರಕ್ಕೆ ನಾನು ಯಾರೆಂದೇ ಗೊತ್ತಾಗದೆ ಎರಡು ದಿನ ಲೇಟ್ ಮಾರ್ಕ್ ಬಿತ್ತು. ಕಾರಣ ಕೇಳಿದ ಮ್ಯಾನೇಜರಿಗೆ ಒಗ್ಗರಣೆ ಸಿಡಿಯಿತು ಅಂದೆ. ಬೇಸು ಅಂದರೆ ಏನು ಅಂತ ಮೊದಲಿನಿಂದ ಹೇಳಬೇಕಲ್ಲ.

ಥಿಯರಿ ಮಾತ್ರ ನನಗೆ ಹಬ್ಬ. ಸರ್ ಬೋರ್ಡಿನ ಮೇಲೆ ಗಂಭೀರವಾಗಿ ಡೋರಿಯನ್, ಮಿಕ್ಸೊಲಿಡಿಯನ್, ಲಿಡಿಯನ್ ಅಂತ ಸ್ಕೇಲುಗಳ ಹೆಸರು ಬರೆದರು. ಹಾಡಿಕೊಂಡು ನೋಡಿದರೆ ನಮ್ಮ ಖರಹರಪ್ರಿಯ, ಹರಿಕಾಂಭೋಜಿ, ಕಲ್ಯಾಣಿ! ಮೇಜರ್ ಸ್ಕೇಲ್ ಅಂತ ಎರಡು ತಿಂಗಳು ಫೀಸು ತೆಗೆದುಕೊಂಡು ಕಲಿಸಿದ್ದು ಶಂಕರಾಭರಣ. ಊರಲ್ಲಿ ಕಂಡ ಹುಡುಗಿ ಮದುವೆಯಾಗಿ ಅಮೆರಿಕದಲ್ಲಿ ಬೇರೆ ಹೆಸರಲ್ಲಿ ಸಿಕ್ಕಿದಷ್ಟು ಖುಷಿಯಾಯಿತು. ಸರ್‌ಗೂ ಹೇಳಿದೆ. "ಹರಿ ಯಾರು ಆಂಟಿ?" ಅಂದರು. ಖುಷಿಯ ಭರದಲ್ಲಿ ಗಾಂಧಾರವನ್ನು ಸ್ವಲ್ಪ ಓಲಾಡಿಸಿದ್ದಕ್ಕೆ, "ಆಂಟಿ, ಅಲುಗಾಡಿಸಬೇಡಿ, ತಂತಿ ಹಾಗೇ ಬಿಡಿ" ಅಂತ ಬೈಸಿಕೊಂಡೆ.

ಕಲಿತಿದ್ದನ್ನು ಯಾರಿಗೆ ಕೇಳಿಸುವುದು? ಬೇಸಿನ ನಿಜವಾದ ಕಷ್ಟ ಇದು. ನಮ್ಮೆಜಮಾನರು ದಿನಾ ಹತ್ತು ನಿಮಿಷ ಸೋಫಾದಲ್ಲಿ ಕೂತು ಶ್ರದ್ಧೆಯಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಹಾಡು ಯಾವಾಗ ಶುರು?" ಗೌರಿ ಹಬ್ಬಕ್ಕೆ ಬಂದ ಸೋದರತ್ತೆ ಏನಾದರೂ ಬಾರಿಸೇ ಅಂತ ಒತ್ತಾಯ ಮಾಡಿದರು. ಐದು ನಿಮಿಷ ಬೆವರಿಳಿಸಿ ಬಾರಿಸಿ ತಲೆಯೆತ್ತಿದರೆ, "ಶ್ರುತಿ ಸರಿಹೋಯ್ತಾ? ಇನ್ನು ಬಾರಿಸು" ಅಂದರು. ಮಗನಿಗೆ ವಿಡಿಯೋ ಕಳಿಸಿದರೆ, "ಅಮ್ಮಾ, ಮ್ಯೂಟ್ ಆಗಿದೆ ನೋಡು" ಅಂದ. ಮ್ಯೂಟ್ ಆಗಿರಲಿಲ್ಲ. ಬೇಸಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಫೋನಿನ ಪುಟಾಣಿ ಸ್ಪೀಕರಿಗೆ ಅಷ್ಟು ಕೆಳಗಿಳಿಯಲು ಬರುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬಾರಿಸಬಾರದಾ ಅಂತ ನೀವು ಕೇಳುತ್ತೀರಿ. ಹಾಕಿಕೊಂಡಿದ್ದೆ. ಮೂರು ವಿಷಲ್‌ಗೆ ಆಫ್ ಮಾಡಬೇಕಿದ್ದ ಕುಕ್ಕರ್ ಎಷ್ಟು ವಿಷಲ್ ಹಾಕಿತೋ ದೇವರಿಗೇ ಗೊತ್ತು, ಬೇಳೆ ತಳ ಹಿಡಿದ ವಾಸನೆ ಮೂಗಿಗೆ ಬಂದ ಮೇಲೇ ನನಗೆ ಎಚ್ಚರವಾಗಿದ್ದು.

ಹಾಗೆ ಹೆಡ್‌ಫೋನ್ ಬಿಟ್ಟ ವಾರವೇ ಗ್ರೂಪಿನಲ್ಲಿ ಮೊದಲ ಮೆಸೇಜು ಬಂತು. 'ರಾತ್ರಿ ಎಂಟೂವರೆಗೆ ಏನೋ ಗುಂಯ್ ಅಂತ ಸೌಂಡ್. ನಿಮಗೂ ಬರ್ತಿದೆಯಾ?' ನಮಗೂ ಬರ್ತಿದೆ ಅಂತ ಆರು ಮನೆಯವರು. ಪಾಪ, ಏನೋ ತೊಂದರೆ ಅಂತ ನಾನೂ ಒಂದು ಹೆಬ್ಬೆಟ್ಟು ಒತ್ತಿದೆ. ಎರಡನೇ ದಿನ ಪಕ್ಕದ ಸೈಟಿನ ಬೋರ್‌ವೆಲ್ ಮೇಲೆ ಅನುಮಾನ, ಮೂರನೇ ದಿನ ಲಿಫ್ಟಿನ ಮೇಲೆ. ಆಗ ನಮ್ಮ ಕೆಳಗಿನ ಮನೆಯ ಅಂಕಲ್ ರಂಗಕ್ಕಿಳಿದರು. ಎಪ್ಪತ್ತನಾಲ್ಕು ವರ್ಷ, ಕರೆಂಟ್ ಇಲಾಖೆಯಲ್ಲಿ ಟ್ರಾನ್ಸ್‌ಫಾರ್ಮರುಗಳ ನಡುವೆಯೇ ಸರ್ವೀಸು ಮುಗಿಸಿದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿದರಂತೆ. ಸುತ್ತ ಟಾರ್ಚ್ ಹಿಡಿದು ಏಳು ಜನ. ಮೋಟಾರ್ ಆಫ್ ಇತ್ತು. ಆದರೂ ಸಂಪಿನ ಹತ್ತಿರ ಸಣ್ಣಗೆ ಗುಂಯ್ ಕೇಳುತ್ತಿತ್ತಂತೆ. ಆಫ್ ಇದ್ದಾಗಲೇ ಇಷ್ಟು ಸದ್ದು ಬರುತ್ತಿದ್ದರೆ ಆನ್ ಮಾಡಿದಾಗ ಗತಿಯೇನು ಅಂತ ಎಲ್ಲರೂ ಹೆದರಿದರು. ಅಂಕಲ್ ಕಣ್ಣು ತೆರೆದು, "ಬೇರಿಂಗ್" ಅಂದರು. ಶನಿವಾರ ಮೋಟಾರ್ ಬಿಚ್ಚಿ ಬೇರಿಂಗ್ ಹಾಕಿಸಿದರು.

ಶನಿವಾರ ರಾತ್ರಿ ಎಂಟೂವರೆಗೆ ಮತ್ತೆ ಗುಂಯ್.

ಅಂಕಲ್ ಈ ಸಲ ಯಾರಿಗೂ ಹೇಳದೆ ಒಬ್ಬರೇ ಸ್ಕ್ರೂಡ್ರೈವರ್ ಹಿಡಿದು ಹೊರಟರು. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟ ಹಾಗೆ ಗೋಡೆಗೆ ಅಲ್ಲಲ್ಲಿ ಇಟ್ಟು ಕೇಳುತ್ತಾ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂದರು. ಬಾಗಿಲು ತೆರೆದೇ ಇತ್ತು. ನಾನು ಬೇಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರು ನನ್ನನ್ನು ನೋಡಲಿಲ್ಲ, ನೆಲದ ಮೇಲಿದ್ದ ಆಂಪ್ಲಿಫೈಯರನ್ನು ನೋಡಿದರು.

"ಎಷ್ಟು ವ್ಯಾಟ್ ಅಮ್ಮಾ ಇದು?"

"ಇಪ್ಪತ್ತೈದು, ಅಂಕಲ್."

ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಡಿಯೂರಿ ಕೂತು, ಆಂಪ್ಲಿಫೈಯರಿಗೆ ಸ್ಕ್ರೂಡ್ರೈವರ್ ಊರಿ, "ಬಾರಿಸಿ" ಅಂದರು. ಇನ್ನೊಂದು ಕೈಯಲ್ಲಿ ಫೋನು, ಸ್ಪೀಕರಿನಲ್ಲಿ ಕೆಳಗಿನ ಅಡುಗೆಮನೆಯಿಂದ ಆಂಟಿ. ನಾನು ತಗ್ಗಿನ ಇ ತಂತಿಯಿಂದ ಒಂದೊಂದೇ ಸ್ವರ ಬಾರಿಸುತ್ತಾ ಬಂದೆ. "ಇಲ್ಲ" ಅಂದರು ಆಂಟಿ. ಮುಂದಿನದು. "ಇಲ್ಲ." ಮುಂದಿನದು. "ಇಲ್ಲ. ತಡೀರಿ, ಹಾಲು ಉಕ್ತಿದೆ." ಹಾಲು ಇಳಿಸಿ ಬಂದರು. "ಹೂಂ, ಬಾರಿಸಿ." ಎ ತಂತಿಯ ಮೂರನೇ ಫ್ರೆಟ್ಟು, ಅಂದರೆ ಸಿ. ಫೋನಿನೊಳಗಿಂದ ಝಣ್ ಅಂತ ಸ್ಟೀಲ್ ತಟ್ಟೆಗಳ ಸದ್ದು, ಅದರ ಮೇಲೆ ಆಂಟಿಯ ಕೂಗು: "ಬಂತು! ಬಂತು ರೀ! ಸ್ಟ್ಯಾಂಡೆಲ್ಲಾ ನಡುಗ್ತು!" ಅಂಕಲ್ ಮುಖ ಅರಳಿತು. ನಿಜ ಹೇಳುತ್ತೇನೆ, ನನ್ನದೂ ಅರಳಿತು. ನನ್ನ ಒಂದೊಂದು ಸ್ವರಕ್ಕೂ ಉಸಿರು ಬಿಗಿಹಿಡಿದು ಕಾದು ಕೂತ ಮೊದಲ ಶ್ರೋತೃಗಳು ಅವರಿಬ್ಬರು.

ಆಮೇಲೆ ಅಂಕಲ್ ಕಾಫಿ ಕುಡಿಯುತ್ತಾ ಬಿಡಿಸಿ ಹೇಳಿದರು. ತಗ್ಗಿನ ಸದ್ದಿನ ಅಲೆ ಎಂಟು ಮೀಟರ್ ಉದ್ದವಂತೆ, ಅದಕ್ಕೆ ಗೋಡೆ, ನೆಲ ಲೆಕ್ಕಕ್ಕಿಲ್ಲವಂತೆ. ಮಾತಿನ ನಡುವೆ ನಮ್ಮ ಫ್ರಿಜ್ ಗುಂಯ್ ಅನ್ನತೊಡಗಿತು. "ಇದು ನೂರು. ಕರೆಂಟು ಐವತ್ತು ಹರ್ಟ್ಸು, ಅದರ ಗುಂಯ್ ಅದಕ್ಕೆರಡರಷ್ಟು" ಅಂದರು. ಬೇಸಿನ ಜಿ ತಂತಿ 98. ಮೀಟಿ ನೋಡಿದರೆ ಪಕ್ಕಾ! ನಮ್ಮ ಫ್ರಿಜ್ ಇಷ್ಟು ವರ್ಷವೂ ಜಿ ಸ್ವರವನ್ನೇ ಹಿಡಿದುಕೊಂಡಿದೆ, ಒಂಚೂರು ಏರಿಸಿ ಅಷ್ಟೇ. ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. "ಗ್ರೂಪಲ್ಲಿ ಹಾಕಬೇಡಿ ಅಮ್ಮಾ. ಬೇರಿಂಗ್ ಅಂದಿದ್ದು ನಾನೇ. ನೀವು ಬಾರಿಸಿ, ತೊಂದರೆ ಇಲ್ಲ. ಆ ಒಂದನ್ನ ಮಾತ್ರ ಬಿಟ್ಟುಬಿಡಿ."

ತಟ್ಟೆ ಸ್ಟ್ಯಾಂಡ್ ಸ್ವಲ್ಪ ಸರಿಸಿದರೆ ಆಗುವುದಿಲ್ಲವಾ ಅಂತ ಕೇಳಿದೆ. "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ" ಅಂದರು.

ಅಂದು ರಾತ್ರಿ ನಿದ್ದೆ ಬರದೆ ಅಪ್ಪನ ನೆನಪಾಯಿತು. ಊರಿನ ತಾಳಮದ್ದಳೆಯಲ್ಲಿ ಅಪ್ಪ ಹಾರ್ಮೋನಿಯಂ ಇಟ್ಟುಕೊಂಡು ಶ್ರುತಿ ಹಿಡಿಯುತ್ತಿದ್ದರು. ಬೆಳಗಿನ ತನಕ ಒಂದೇ ಸ್ವರ. ಹ್ಯಾಂಡ್‌ಬಿಲ್ಲಿನಲ್ಲಿ ಭಾಗವತರು, ಮದ್ದಳೆ, ಚೆಂಡೆ, ಅರ್ಥಧಾರಿಗಳು ಎಲ್ಲರ ಹೆಸರೂ ಇರುತ್ತಿತ್ತು, ಅಪ್ಪನದು ಇರುತ್ತಿರಲಿಲ್ಲ. ಒಂದು ಸಲ ನಿದ್ದೆಗಣ್ಣಲ್ಲಿ ಅಪ್ಪನ ಕೈ ನಿಂತಾಗ ಭಾಗವತರು ಪದ ನಿಲ್ಲಿಸಿ ಹಿಂದೆ ತಿರುಗಿ ನೋಡಿದ್ದರು. ಅವತ್ತು ಇಡೀ ಸಭೆ ಅಪ್ಪನನ್ನು ನೋಡಿತು. ಕೊಕ್ಕೆ ಬೆರಳಿನ ಜೇಮರ್ಸನ್ನರ ಕಥೆಯೂ ಇಂಥದ್ದೇ. 1960ರ ದಶಕದಲ್ಲಿ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಗೆ ಅವರು ನುಡಿಸಿದ ರೆಕಾರ್ಡುಗಳನ್ನು ಜಗತ್ತೇ ಕುಣಿದು ಕೇಳಿತು. ಹೊದಿಕೆಯ ಮೇಲೆ ವಾದಕರ ಹೆಸರು ಅಚ್ಚಾಗತೊಡಗಿದ್ದು 1971ರಲ್ಲಿ. ಅವರಿದ್ದ ಡೆಟ್ರಾಯಿಟ್ ಕಾರು ಕಾರ್ಖಾನೆಗಳ ಊರು. ಮೋಟೌನ್ ಅಂದರೆ ಮೋಟಾರ್ ಟೌನ್ ಅಂತೆ. ಅದು ನೆನಪಾಗಿ ಕತ್ತಲಲ್ಲೇ ನಗು ಬಂತು, ಪಕ್ಕದಲ್ಲಿದ್ದವರು ಏನಾಯ್ತು ಅಂದರು, ಏನಿಲ್ಲ ಬೇರಿಂಗ್ ಅಂದೆ.

ಈಗ ಸಿ ಬಿಟ್ಟು ಬಾರಿಸಬೇಕು. ನಾನು ಕಲಿತಿದ್ದೆಲ್ಲ ಸಿ ಮೇಜರ್, ಸಿ ಅಂದರೆ ನನ್ನ ಷಡ್ಜ. ನಮ್ಮಲ್ಲಿ ರಿಷಭ ಬಿಟ್ಟ ರಾಗ ಇದೆ, ಪಂಚಮ ಬಿಟ್ಟ ರಾಗ ಇದೆ, ಷಡ್ಜವನ್ನೇ ಬಿಟ್ಟ ರಾಗ ಎಲ್ಲಾದರೂ ಉಂಟಾ? ಅಂಗಡಿ ಮೂರನೇ ಮನೆಗೆ ಸಾಗಿಸಿದ ಹಾಗೆ ಎಲ್ಲವನ್ನೂ ಡಿ ಮೇಜರಿಗೆ ಸಾಗಿಸಿದೆ. ಅದರಲ್ಲಿ ಸಿ ಇಲ್ಲ, ಪಕ್ಕದ ಸಿ ಶಾರ್ಪ್ ಇದೆ. ಫ್ರಿಜ್ಜಿನ ಜಿ ಅಲ್ಲಿಗೆ ಮಧ್ಯಮವಾಗುತ್ತದೆ, ಕೂತಲ್ಲೇ ಮಧ್ಯಮ ಶ್ರುತಿ. ಸರ್ ಮಾತ್ರ, "ಆಂಟಿ, ಯಾಕೆ ಎಲ್ಲಾ ಡಿಯಲ್ಲೇ?" ಅಂತ ತಲೆ ಕೆರೆದುಕೊಂಡರು. ತಟ್ಟೆ ಸ್ಟ್ಯಾಂಡಿನ ವಿಷಯ ಹೇಳಲಿಲ್ಲ.

ತೊಂದರೆ ಬಂದಿದ್ದು ಇಂಪ್ರೊವೈಸೇಷನ್, ಅಂದರೆ ನಮ್ಮ ಮನೋಧರ್ಮದ ಹಾಗೆ ಆಗಲೇ ಹೊಳೆದದ್ದನ್ನು ನುಡಿಸುವುದು, ಶುರುವಾದ ಮೇಲೆ. ವಾಕಿಂಗ್ ಬೇಸು ಅಂತ ಒಂದಿದೆ. ತಾಳಕ್ಕೆ ನಾಲ್ಕು ಹೆಜ್ಜೆ. ಮೊದಲನೆಯದು ಆ ಕಾರ್ಡಿನ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ, ಮೂಲ ಸ್ವರ, ನಾಲ್ಕನೆಯದು ಮುಂದಿನ ಕಾರ್ಡಿನ ಹೊಸ್ತಿಲಿಗೆ ಅರ್ಧ ಸ್ವರ ಆಚೀಚೆ, ನಡುವಿನ ಎರಡು ನಿಮ್ಮಿಷ್ಟ. ಡಿಯಿಂದ ಜಿಗೆ ಹೋಗುವಾಗ ಎಫ್ ಶಾರ್ಪ್ ಮೆಟ್ಟಿ ಹತ್ತಿದರೆ ಎಷ್ಟು ಚೆಂದ! ಆದರೆ ಬಿಗೆ ಮೇಲಿನಿಂದ ಇಳಿಯಲು ಹೋದರೆ ನಡುವೆ ಕಾಲಿಗೆ ಸಿಗುವುದು ಅದೇ ಸಿ. ಮೈಮರೆತು ಮೆಟ್ಟಿದ ತಕ್ಷಣ ಫೋನು ಒಮ್ಮೆ ಟ್ರಿಣ್ ಅಂದು ನಿಲ್ಲುತ್ತದೆ. ಕೆಳಗಿನ ಆಂಟಿಯ ಮಿಸ್ಡ್ ಕಾಲ್. ಸರ್ ಕಿವಿಗೆ ಬೀಳದ ಅಪಸ್ವರ ಅವರ ತಟ್ಟೆಗೆ ಬೀಳುತ್ತದೆ. ಮೊದಲ ದಿನ ಹನ್ನೊಂದು ಮಿಸ್ಡ್ ಕಾಲ್, ಮೊನ್ನೆ ನಾಲ್ಕು, ನಿನ್ನೆ ಒಂದು.

ಇವತ್ತು ಬಾರಿಸಿಲ್ಲ. 450ರ ಸಿಟ್ಟಿಗೆ ಬೇಸು ಮುಟ್ಟದೆ ಇದನ್ನು ಬರೆಯುತ್ತಾ ಕೂತಿದ್ದೇನೆ. ಈಗ ಗಂಟೆ ಎಂಟೂವರೆ. ಫೋನು ಟ್ರಿಣ್ ಅಂದಿತು, ನಿಲ್ಲಲಿಲ್ಲ. ಎತ್ತಿದೆ.

"ಅಂಕಲ್, ನಾನಲ್ಲ. ಬೇಸು ಬೀರು ಪಕ್ಕ ಇದೆ, ಬೇಕಾದ್ರೆ ಬಂದು ನೋಡಿ."

"ಗೊತ್ತಮ್ಮಾ" ಅಂದರು ಅಂಕಲ್, ತೀರಾ ಸಣ್ಣ ದನಿಯಲ್ಲಿ. "ಸಂಪಿನ ಹತ್ರಾನೇ ಇದ್ದೀನಿ. ಹೊಸ ಬೇರಿಂಗ್ ಗುಂಯ್ ಅಂತಿದೆ. ಗ್ರೂಪಲ್ಲಿ ಯಾರಾದ್ರೂ ಕೇಳಿದ್ರೆ, ಮೇಲೆ ನೀವು ಏನೋ ಬಾರಿಸ್ತಿದ್ರಿ ಅಂತ ಹೇಳಲಾ?"